ಪಿರ್ರೆ ದಪ್ಪ ಇದ್ದರೆ ಸೊಂಟ ನೋವು ಬರುತ್ತದಾ?

ಪ್ರಶ್ನೆ: ಮೇಡಂ, ನಮಸ್ತೆ. ನನಗೆ 34 ವರ್ಷ. ದಿನಕ್ಕೆ 9 ಗಂಟೆ ಕೂತೇ ಕೆಲಸ. ಎರಡು ತಿಂಗಳಿಂದ ಸೊಂಟದ ಬಲಗಡೆ ನೋವು. ಬಗ್ಗಿ ಏಳುವಾಗ, ತುಂಬಾ ಹೊತ್ತು ನಿಂತಾಗ ಜಾಸ್ತಿ. ನನ್ನ ಹಿಂಭಾಗ ಮೊದಲಿಂದಲೂ ದಪ್ಪ. ಆ ಭಾರಕ್ಕೇ ಬೆನ್ನು ಎಳೆಯುತ್ತಿದೆ ಅಂತ ಮನೆಯವರು ಹೇಳುತ್ತಾರೆ. ಗೆಳತಿ ನೋಡಿದರೆ, ಪಿರ್ರೆ ದೊಡ್ಡದಿದ್ದಷ್ಟೂ ಬೆನ್ನಿಗೆ ಒಳ್ಳೇದು ಅನ್ನುತ್ತಾಳೆ. ಯಾವುದು ನಿಜ? ಕೇಳೋಕೆ ಮುಜುಗರ, ಆದರೂ ಕೇಳಿಬಿಟ್ಟೆ.

ಫಿಸಿಯೋಥೆರಪಿಸ್ಟ್: ಒಳ್ಳೆಯ ಪ್ರಶ್ನೆ, ಮುಜುಗರ ಬೇಡ. ಎರಡೂ ಸರಿಯಲ್ಲ. ಹೊರಗೆ ಕಾಣುವ ಗಾತ್ರದಲ್ಲಿ ಕೊಬ್ಬು, ಸ್ನಾಯು, ಮೂಳೆಯ ಅಗಲ ಎಲ್ಲವೂ ಸೇರಿರುತ್ತದೆ. ಯಾವುದು ಎಷ್ಟು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಒಟ್ಟು ಮೈತೂಕ ತೀರಾ ಹೆಚ್ಚಿದ್ದರೆ ಸೊಂಟ ನೋವಿನ ಸಾಧ್ಯತೆ ಹೆಚ್ಚುವುದು ನಿಜ. ಆದರೆ ಅದಕ್ಕೆ ಹಿಂಭಾಗವೊಂದನ್ನೇ ದೂರುವುದು ತಪ್ಪು.

ನೋಡಬೇಕಾದದ್ದು ಸ್ನಾಯುವಿನ ಬಲ. ಪಿರ್ರೆಯಲ್ಲಿರುವ ಗ್ಲೂಟಿಯಸ್ ಮ್ಯಾಕ್ಸಿಮಸ್ ನಮ್ಮ ದೇಹದ ಅತಿ ದೊಡ್ಡ ಸ್ನಾಯು. ಬಗ್ಗಿದವರು ಏಳುವಾಗ, ಮೆಟ್ಟಿಲು ಹತ್ತುವಾಗ ದುಡಿಯುವುದು ಇದೇ. ಇದರಲ್ಲಿ ಬಲ ಸಾಲದಿದ್ದರೆ ಆ ಕೆಲಸದ ಹೊರೆ ಬೆನ್ನಿನ ಸ್ನಾಯುಗಳ ಮೇಲೆ ಬೀಳಬಹುದು. ಪಕ್ಕದಲ್ಲಿ ಗ್ಲೂಟಿಯಸ್ ಮೀಡಿಯಸ್ ಎಂಬ ಇನ್ನೊಂದು ಸ್ನಾಯು ಇದೆ. ಒಂದು ಕಾಲು ಎತ್ತಿದಾಗ ಸೊಂಟ ಆ ಕಡೆಗೆ ಜೋತು ಬೀಳದಂತೆ ಹಿಡಿಯುವುದು ಅದು. ಟ್ರೆಂಡೆಲೆನ್‌ಬರ್ಗ್ ಎಂಬ ಸರ್ಜನ್ 1895ರಲ್ಲಿ ವಿವರಿಸಿದ ಪರೀಕ್ಷೆಯನ್ನು ಅದರ ಬಲ ನೋಡಲು ನಾವು ಇಂದಿಗೂ ಮಾಡುತ್ತೇವೆ. ಕನ್ನಡಿ ಮುಂದೆ ಒಂಟಿ ಕಾಲಲ್ಲಿ ಅರ್ಧ ನಿಮಿಷ ನಿಂತು, ಎತ್ತಿದ ಕಾಲಿನ ಕಡೆ ಸೊಂಟ ಇಳಿಯುತ್ತದಾ ನೋಡಿ.

ಒಂದು ಮಾತು. ಬಹುಕಾಲ ಸೊಂಟ ನೋವಿರುವವರಲ್ಲಿ ಮೀಡಿಯಸ್ ಸೊರಗಿರುವುದು ಸಾಮಾನ್ಯ. ಆದರೆ ಸೊರಗಿದ್ದಕ್ಕೆ ನೋವು ಬಂತೋ, ನೋವಿಗೆ ಹೆದರಿ ಓಡಾಡದೆ ಸೊರಗಿತೋ, ಎರಡೂ ಇರಬಹುದು.

ಪ್ರಶ್ನೆ: ಕೂತೂ ಕೂತೂ ಪಿರ್ರೆಯ ಸ್ನಾಯು ನಿದ್ದೆ ಹೋಗುತ್ತದೆ ಅಂತಾರಲ್ವಾ? ವಿಡಿಯೋ ನೋಡಿ ದಿನಕ್ಕೆ 50 ಸ್ಕ್ವಾಟ್ ಮಾಡಿದೆ. ನೋವು ಜಾಸ್ತಿಯಾಯಿತು.

ಫಿಸಿಯೋಥೆರಪಿಸ್ಟ್: ನರ ಸರಿಯಿದ್ದರೆ ಸ್ನಾಯು ನಿದ್ದೆ ಹೋಗುವುದಿಲ್ಲ. ಬಳಸದೆ ಬಲ ಕುಗ್ಗುತ್ತದೆ, ಅಷ್ಟೇ. ಒಮ್ಮೆಲೇ 50 ಬೇಡ. ಬ್ರಿಡ್ಜ್‌ನಿಂದ ಶುರು ಮಾಡಿ. ಅಂಗಾತ ಮಲಗಿ, ಮಂಡಿ ಮಡಚಿ, ಪಾದ ಊರಿ. ಪಿರ್ರೆ ಬಿಗಿ ಮಾಡಿ ಮೇಲೆತ್ತಿ, 5 ಸೆಕೆಂಡ್ ಹಿಡಿದು ಇಳಿಸಿ. 10 ಸಲ. ತುಂಬಾ ಜನ ಇಲ್ಲಿ ಸೊಂಟವನ್ನು ಬಿಲ್ಲಿನಂತೆ ಬಗ್ಗಿಸಿಬಿಡುತ್ತಾರೆ. ಆಗ ಬೆನ್ನೇ ಎಲ್ಲ ಕೆಲಸ ಮಾಡುತ್ತದೆ. ಎದೆಯಿಂದ ಮಂಡಿವರೆಗೆ ಒಂದೇ ಗೆರೆ ಬಂದರೆ ಸಾಕು. ಆಮೇಲೆ ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ನೆಟ್ಟಗೆ ಎತ್ತಿ ಇಳಿಸಿ, ಅದೂ 10 ಸಲ. ದಿನ ಬಿಟ್ಟು ದಿನ ಮಾಡಿ. ಬಲ ಬರೋಕೆ 6ರಿಂದ 12 ವಾರ ಬೇಕು. ಕೆಲಸದ ನಡುವೆ ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿ.

ಆದರೆ ತೊಡೆಯ ಸಂದಿ ಮರಗಟ್ಟಿದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ಕಾಲಿನ ಬಲ ಕುಂದುತ್ತಾ ಹೋದರೆ, ದಯವಿಟ್ಟು ಒಂದು ಗಂಟೆಯೂ ಕಾಯಬೇಡಿ. ನೇರ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಅಂಥದ್ದೇನೂ ಇಲ್ಲ ಮೇಡಂ. ಈಗಷ್ಟೇ ಕನ್ನಡಿ ಮುಂದೆ ನಿಂತು ನೋಡಿದೆ. ಬಲಗಾಲ ಮೇಲೆ ನಿಂತರೆ ಎಡಗಡೆ ಸೊಂಟ ಕೆಳಗೆ ಇಳಿಯುತ್ತದೆ.

ಫಿಸಿಯೋಥೆರಪಿಸ್ಟ್: ಹಾಗಿದ್ದರೆ ನಿಮ್ಮ ಬಲಗಡೆ ಮೀಡಿಯಸ್‌ನಲ್ಲಿ ಬಲ ಕಡಿಮೆ ಇರಬಹುದು. ಕಾಲೆತ್ತುವುದನ್ನು ಬಲಗಡೆ 5 ಸಲ ಜಾಸ್ತಿ ಮಾಡಿ. ಎರಡು ತಿಂಗಳ ನೋವು ಅಲ್ವಾ, ಹತ್ತಿರದ ಫಿಸಿಯೋ ಹತ್ತಿರ ಒಮ್ಮೆ ತೋರಿಸಿ. ನಾಲ್ಕು ವಾರ ಬಿಟ್ಟು ಇದೇ ಪರೀಕ್ಷೆ ಮತ್ತೆ ಮಾಡಿ, ಇಲ್ಲೇ ಬರೆಯಿರಿ.