ಎಸ್ಟೋನಿಯನ್ನಿನ ‘ಒಸಸ್ತವ್’ ವಿಭಕ್ತಿಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ಫಾರಸಿ ಮತ್ತು ಎಸ್ಟೋನಿಯನ್ ಭಾಷೆಗಳ ವ್ಯಾಕರಣದಲ್ಲಿ ಕಾಣುವ ಹೋಲಿಕೆಗಳನ್ನು ಕನ್ನಡದಲ್ಲಿ ವಿವರಿಸಲು ಹೊರಟಾಗ ಒಂದು ಪಾರಿಭಾಷಿಕ ಪದದ ತೊಡಕು ಎದುರಾಗಿದೆ. ಫಾರಸಿಯ ‘ರಾ’ ಪ್ರತ್ಯಯವೂ ಎಸ್ಟೋನಿಯನ್ನಿನ ‘ಒಸಸ್ತವ್’ ಎಂಬ ವಿಭಕ್ತಿಯೂ ಕರ್ಮಪದಕ್ಕೆ ಹತ್ತುವುದರಿಂದ, ಎರಡನ್ನೂ ದ್ವಿತೀಯೆ ಎಂದು ಕರೆದರೆ ಸರಿಯಾದೀತೇ?

ಈ ಎರಡು ಭಾಷೆಗಳ ನಡುವೆ ಕುಲಸಂಬಂಧವಿಲ್ಲ. ಫಾರಸಿಯು ಇಂಡೋ-ಯುರೋಪಿಯನ್ ಕುಟುಂಬದ ಇರಾನಿ ಶಾಖೆಗೆ ಸೇರಿದ್ದರೆ, ಎಸ್ಟೋನಿಯನ್ ಫಿನ್ನಿಷ್‌ನಂತೆ ಯುರಾಲಿಕ್ ಕುಟುಂಬದ್ದು. ನೂರಕ್ಕೆ ಫಾರಸಿಯಲ್ಲಿ ‘ಸದ್’, ಎಸ್ಟೋನಿಯನ್ನಿನಲ್ಲಿ ‘ಸದ’ ಎನ್ನುತ್ತಾರಾದರೂ, ಅದು ನಮ್ಮ ‘ಶತ’ದ ಬಳಗದ ಪದ ಬಹು ಹಿಂದೆಯೇ ಎಸ್ಟೋನಿಯನ್ನಿನ ಕಡೆಗೆ ಎರವಲಾಗಿ ಹೋದದ್ದರ ಫಲ. ಎರಡರಲ್ಲೂ ವ್ಯಾಕರಣ ಲಿಂಗವಿಲ್ಲ. ಅವನಿಗೂ ಅವಳಿಗೂ ಫಾರಸಿಯಲ್ಲಿ ‘ಊ’, ಎಸ್ಟೋನಿಯನ್ನಿನಲ್ಲಿ ‘ತೆಮ’.

ಕರ್ಮಪದದ ವಿಷಯಕ್ಕೆ ಬರುತ್ತೇನೆ. ಫಾರಸಿಯಲ್ಲಿ ‘ಕೆತಾಬ್ ಖಾಂದಮ್’ ಎಂದರೆ ಯಾವುದೋ ಪುಸ್ತಕ ಓದಿದೆ ಎಂದೂ ‘ಕೆತಾಬ್ ರಾ ಖಾಂದಮ್’ ಎಂದರೆ ಗೊತ್ತಿರುವ ಆ ಪುಸ್ತಕವನ್ನು ಓದಿದೆ ಎಂದೂ ಅರ್ಥ. ಕನ್ನಡದ ‘ಅನ್ನು’ ಬಿಟ್ಟು ಮತ್ತು ಸೇರಿಸಿ ಹೇಳುವ ರೂಢಿಗೆ ಇದು ಬಹಳ ಹತ್ತಿರ. ಎಸ್ಟೋನಿಯನ್ನಿನಲ್ಲಿ ಮಾತ್ರ ಆಯ್ಕೆಯ ಆಧಾರವೇ ಬೇರೆ: ‘ಮ ಲುಗೆಸಿನ್ ರಾಮತುತ್’ ಎಂದಾಗ ಓದು ಮುಗಿದಿಲ್ಲ, ‘ಮ ಲುಗೆಸಿನ್ ರಾಮತು ಲ್ಯಾಬಿ’ ಎಂದಾಗ ಓದಿ ಮುಗಿಸಿದ್ದಾಯಿತು. ಮೊದಲನೆಯದು ಒಸಸ್ತವ್, ಎರಡನೆಯದರ ರೂಪ ಷಷ್ಠಿಯದು. ಓದಲಿಲ್ಲ ಎನ್ನುವಾಗಲೂ ಒಸಸ್ತವ್ ರೂಪವೇ ಬರಬೇಕು. ಅಂದರೆ ಫಾರಸಿ ಕೇಳುವುದು ‘ಯಾವುದು’ ಎಂದು, ಎಸ್ಟೋನಿಯನ್ ಕೇಳುವುದು ‘ಎಷ್ಟು’ ಎಂದು.

ನನ್ನ ಸಂದೇಹವನ್ನು ಗಟ್ಟಿಮಾಡಿದ್ದು ಅಜ್ಜಿಕಥೆಯ ಮೊದಲ ಸಾಲಿನಂಥ ಒಂದು ವಾಕ್ಯ. ಒಬ್ಬ ರಾಜನಿಗೆ ಮೂವರು ಗಂಡುಮಕ್ಕಳಿದ್ದರು ಎನ್ನಲು ಹಳೆಯ ಫಾರಸಿಯಲ್ಲಿ ‘ಪಾದಶಾಹೀ ರಾ ಸೆ ಪೆಸರ್ ಬೂದ್’ ಎನ್ನಬಹುದಿತ್ತು. ಎಸ್ಟೋನಿಯನ್ನಿನಲ್ಲಿ ‘ಕುನಿಂಗಲ್ ಒಲಿ ಕೊಲ್ಮ್ ಪೊಯೆಗ’ ಎನ್ನುತ್ತಾರೆ. ಈ ಎರಡೂ ವಾಕ್ಯಗಳಲ್ಲಿ ‘ಹೊಂದು’ ಎಂಬ ಕ್ರಿಯಾಪದವಿಲ್ಲ, ನಮ್ಮಲ್ಲಿಯಂತೆ ‘ಇರು’ ಇದೆ. ಎರಡರಲ್ಲೂ ಸಂಖ್ಯೆಯ ನಂತರದ ಮಗ ಏಕವಚನದಲ್ಲೇ ಉಳಿದಿದ್ದಾನೆ. ಆದರೆ ಇಲ್ಲಿ ‘ರಾ’ ಹತ್ತಿರುವುದು ರಾಜನಿಗೆ, ನಮ್ಮ ಚತುರ್ಥಿಯ ಕೆಲಸಕ್ಕೆ. ‘ರಾ’ ಹುಟ್ಟಿದ್ದೇ ‘ಸಲುವಾಗಿ’ ಎಂಬರ್ಥದ ‘ರಾದಿಯ್’ ಎಂಬ ಪ್ರಾಚೀನ ಪದದಿಂದ ಎಂಬುದನ್ನು ನೆನೆದರೆ ಇದು ಅಚ್ಚರಿಯಲ್ಲ. ಒಸಸ್ತವ್ ಇರುವುದು ‘ಪೊಯೆಗ’ದಲ್ಲಿ, ಆ ಪದ ಕರ್ಮವೇ ಅಲ್ಲ.

ಇಂದಿನ ಫಾರಸಿಯ ‘ರಾ’ವನ್ನು ದ್ವಿತೀಯೆ ಎನ್ನಲು ನನ್ನ ಅಭ್ಯಂತರವಿಲ್ಲ. ಒಸಸ್ತವ್‌ಗೆ ಆ ಹೆಸರು ಒಪ್ಪುವುದಿಲ್ಲ. ಅದರ ಮೂಲವಾದ ‘ಒಸ’ ಎಂದರೆ ಪಾಲು. ‘ಅಂಶವಿಭಕ್ತಿ’ ಎನ್ನೋಣವೆಂದರೆ ಕನ್ನಡದಲ್ಲಿ ‘ಅಂಶ’ಕ್ಕೆ ‘ವಿಷಯ’ ಎಂಬ ಅರ್ಥವೂ ಬೆಳೆದಿದೆ. ‘ಭಾಗವಿಭಕ್ತಿ’ಯಲ್ಲಿ ಒಂದೇ ಧಾತು ಎರಡು ಸಲ ಬರುತ್ತದೆ. ‘ಪಾಲುವಿಭಕ್ತಿ’ ಎಂಬುದು ಕಿವಿಗೆ ಒರಟಾಗಿ ಕೇಳಿಸಿದರೂ ಸದ್ಯಕ್ಕೆ ಅದರ ಕಡೆಗೇ ನನ್ನ ಒಲವು. ಇದಕ್ಕಿಂತ ಒಪ್ಪುವ ಪದ ನಿಮ್ಮಲ್ಲಿ ಯಾರಿಗಾದರೂ ತೋಚಿದರೆ ದಯವಿಟ್ಟು ತಿಳಿಸಬೇಕು.