ಅಮ್ಮನ ಮೂಳೆ ಸವೆತಕ್ಕೆ ಪ್ರೊಬಯಾಟಿಕ್ ಸಾಕಾ? ಅನುಭವ ಇದ್ದವರು ಹೇಳಿ

ಅರಸೀಕೆರೆಯಿಂದ: ಅಮ್ಮನಿಗೆ 61. ಮೂಳೆ ಸಾಂದ್ರತೆ ಅಳೆಯೋ ಡೆಕ್ಸಾ ಸ್ಕ್ಯಾನಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡೋ ಅಂಕ) ಮೈನಸ್ 2.8. ಡಾಕ್ಟ್ರು ಮೂಳೆ ಸವೆತ ತಡೆಯೋಕೆ ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ ಬರೆದಿದ್ದಾರೆ. ಕರುಳಿನ ಬ್ಯಾಕ್ಟೀರಿಯಾ ಸರಿಹೋದ್ರೆ ಮೂಳೆ ತಾನಾಗೇ ಗಟ್ಟಿಯಾಗುತ್ತೆ, ಪ್ರೊಬಯಾಟಿಕ್ (ಒಳ್ಳೆ ಬ್ಯಾಕ್ಟೀರಿಯಾ ಇರೋ ಪುಡಿ, ಕ್ಯಾಪ್ಸೂಲ್) ತಗೊಳ್ಳಿ ಅಂತ ನೆಂಟರೊಬ್ಬರ ಒತ್ತಾಯ. ಅಮ್ಮ ಮಾತ್ರೆ ಬಿಡ್ತೀನಿ ಅಂತಿದ್ದಾರೆ.

ಸಕಲೇಶಪುರದಿಂದ: ಮಾತ್ರೆ ಮಾತ್ರ ಬಿಡಿಸಬೇಡಿ ಅಕ್ಕ. ಮೈನಸ್ 2.5ಕ್ಕೇ ಆಸ್ಟಿಯೊಪೊರೋಸಿಸ್, ಅಂದ್ರೆ ಮೂಳೆ ಸವೆತದ ಕಾಯಿಲೆ ಅಂತಾರೆ. ಹಾಗಂತ ನೆಂಟರ ಮಾತು ಪೂರ್ತಿ ಸುಳ್ಳೂ ಅಲ್ಲ.

ನಮ್ಮ ಅತ್ತೆಗೆ ವರ್ಷಗಟ್ಟಲೆ ಕರುಳಿನ ಉರಿಯೂತ. ರಕ್ತ ಬೀಳೋದು, ಮಧ್ಯೆ ಮಧ್ಯೆ ಸ್ಟೆರಾಯ್ಡ್. ಕಾಫಿ ಕಣದಲ್ಲಿ ಕಾಲು ಜಾರಿ ಕೈಯೂರಿದ್ರು ಅಷ್ಟೇ, ಮಣಿಕಟ್ಟು ಮುರೀತು. ಹಾಸನದಲ್ಲಿ ಪ್ಲಾಸ್ಟರ್ ಹಾಕಿದ ಡಾಕ್ಟ್ರು ಮೊದಲು ಕೇಳಿದ್ದು, "ಹೊಟ್ಟೆ ಹೇಗಿದೆ?" ಅಂತ. ಕರುಳು ಕೆರಳಿದ್ರೆ ರೋಗನಿರೋಧಕ ಟಿ-ಕೋಶಗಳು ಟಿಎನ್‌ಎಫ್, ಐಎಲ್-17 ಅನ್ನೋ ರಾಸಾಯನಿಕ ಹೊರಬಿಡುತ್ತವೆ, ಅದರಿಂದ ಮೂಳೆ ಕರಗಿಸೋ ಆಸ್ಟಿಯೊಕ್ಲಾಸ್ಟ್ ಕೋಶಗಳು ಜಾಸ್ತಿಯಾಗುತ್ತವೆ ಅಂತ ಬಿಡಿಸಿ ಹೇಳಿದ್ರು. ಸ್ಟೆರಾಯ್ಡ್ ಬೇರೆ ಮೂಳೆ ಕಟ್ಟೋದನ್ನೇ ತಡೆಯುತ್ತೆ.

ಆಮೇಲೆ ನಾನೂ ಓದಿದೆ. ಬ್ಯಾಕ್ಟೀರಿಯಾನೇ ಇಲ್ಲದಂತೆ ಸಾಕಿದ ಇಲಿಗಳಲ್ಲಿ ಹೆಣ್ಣು ಹಾರ್ಮೋನ್ ನಿಲ್ಲಿಸಿದ್ರೂ ಮೂಳೆ ಸವೆಯಲಿಲ್ಲ ಅಂತ 2016ರಲ್ಲಿ ಅಮೆರಿಕದವರು ತೋರಿಸಿದ್ರು. ಸ್ವೀಡನ್ನಲ್ಲಿ 75-80 ವರ್ಷದ ಹೆಂಗಸರಿಗೆ ಒಂದು ವರ್ಷ ಲ್ಯಾಕ್ಟೋಬ್ಯಾಸಿಲಸ್ ರಾಯಿಟೆರಿ ಅನ್ನೋ ಪ್ರೊಬಯಾಟಿಕ್ ಬ್ಯಾಕ್ಟೀರಿಯಾ ಕೊಟ್ಟಾಗ ಮೊಣಕಾಲ ಕೆಳಗಿನ ಮೂಳೆ ಸವೆಯೋದು ಕಡಿಮೆಯಾಯ್ತು. ಸವೆತ ಕಡಿಮೆಯಾಯ್ತು ಅಷ್ಟೇ, ಮೂಳೆ ಬೆಳೀಲಿಲ್ಲ. ಈಚೆಗೆ ಮುಟ್ಟು ನಿಂತವರಿಗೆ ಅದನ್ನೇ ಎರಡು ವರ್ಷ ಕೊಟ್ಟು ನೋಡಿದಾಗ ಲಾಭ ಕಾಣಲಿಲ್ಲ. ಅಂಥದ್ದನ್ನ ನಂಬಿ ಮಾತ್ರೆ ಬಿಡೋಕಾಗುತ್ತಾ ಹೇಳಿ?

ಅತ್ತೆಗೂ ಅದೇ ಅಲೆಂಡ್ರೊನೇಟ್, ನಮಗೆ ಕಷ್ಟ ಆಗಿದ್ದು ಕಾಫಿ ವಿಷಯ. ಆ ಮಾತ್ರೇನ ಖಾಲಿ ಹೊಟ್ಟೇಲಿ, ಒಂದು ಲೋಟ ಬರೀ ನೀರಲ್ಲಿ ನುಂಗಿ, ಅರ್ಧ ಗಂಟೆ ಮಲಗದೆ, ಏನೂ ತಿನ್ನದೆ ಕುಡಿಯದೆ ಇರಬೇಕು. ಅತ್ತೆಗೆ ಎದ್ದ ತಕ್ಷಣ ಕಾಫಿ ಬೇಕು. ಭಾನುವಾರ ನಾನೂ ಕಾಫಿ ಬಿಟ್ಟು ಜಗಲೀಲಿ ಅವರ ಜೊತೆ ಗಡಿಯಾರ ನೋಡ್ತಾ ಕೂತ್ಕೋತೀನಿ.

ಊಟದಲ್ಲಿ ರಾಗಿ ಮುದ್ದೆ, ಹುರುಳಿ ಬಸ್ಸಾರು, ಮಜ್ಜಿಗೆ. 100 ಗ್ರಾಂ ರಾಗೀಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅದರ ನಾರನ್ನ ಬ್ಯಾಕ್ಟೀರಿಯಾ ಹುದುಗಿಸಿ ಬ್ಯೂಟಿರೇಟ್ ಅನ್ನೋ ಕೊಬ್ಬಿನಾಮ್ಲ ಮಾಡುತ್ತವೆ, ಉರಿಯೂತ ತಣಿಸೋದು ಅದೇ. ಭೇದಿ ಜೋರಿದ್ದಾಗ ಮಾತ್ರ ಹುರುಳಿ, ಸೊಪ್ಪು ನಿಲ್ಲಿಸಿ ಮೆತ್ತಗಿನ ಅನ್ನ ಕೊಡ್ತೀವಿ.

ಬೇಲೂರಿನಿಂದ: ಅಮ್ಮ ಗ್ಯಾಸ್ ಮಾತ್ರೆ ವರ್ಷಗಟ್ಟಲೆ ತಗೋತಿದ್ರೆ ಡಾಕ್ಟ್ರಿಗೆ ಹೇಳಿ, ಅದಕ್ಕೂ ಮೂಳೆಗೂ ಸಂಬಂಧ ಇದೆ. ನುಂಗುವಾಗ ಎದೆ ಉರಿ ಇದ್ರೆ ಅಲೆಂಡ್ರೊನೇಟ್ ಶುರು ಮಾಡೋ ಮೊದಲೇ ತಿಳಿಸಿ. ನಮ್ಮ ಚಿಕ್ಕಮ್ಮ ಹೇಳದೆ ತಗೊಂಡು ತುಂಬಾ ಅನುಭವಿಸಿದ್ರು.