ಅಪ್‌ಡೇಟ್: ದೊಡ್ಡಮ್ಮನ ಮನೆ ಬಾಗಿಲಿಗೆ ಬರುತ್ತಿದ್ದ ಮೋಸದ ವ್ಯಾಪಾರಿಗಳು

ಚಾವಣಿ ಬಿರುಕು ಬಿಟ್ಟಿದೆ, ಇಂದೇ ಮುಂಗಡ ಕೊಟ್ಟರೆ ಅರ್ಧ ಬೆಲೆಗೆ ಸರಿಪಡಿಸುತ್ತೇವೆ ಎಂದು ಒಂಟಿಯಾಗಿರುವ ನಮ್ಮ ದೊಡ್ಡಮ್ಮನ ಬೆನ್ನು ಬಿದ್ದಿದ್ದವರನ್ನು ತಡೆಯುವುದು ಹೇಗೆಂದು ಹಿಂದೆ ಕೇಳಿದ್ದೆ. ನೀವು ಸೂಚಿಸಿದಂತೆ ಬಾಗಿಲಿಗೆ ಸರಪಳಿ ಹಾಕಿಸಿ, ಬಂದವರು ತೋರಿಸುವ ಗುರುತಿನ ಚೀಟಿಯ ನಂಬರಿಗಲ್ಲದೆ ಹಳೆಯ ಬಿಲ್ಲಿನಲ್ಲಿರುವ ನಂಬರಿಗೇ ಕರೆ ಮಾಡಿ ವಿಚಾರಿಸುವಂತೆ ಅವರಿಗೆ ರೂಢಿ ಮಾಡಿಸಿದೆವು. ಮೊನ್ನೆ ಮೀಟರ್ ನೋಡಬೇಕೆಂದು ಬಂದ ಇಬ್ಬರು, ದೊಡ್ಡಮ್ಮ ಬಾಗಿಲ ಸಂದಿಯಿಂದಲೇ “ಸ್ವಲ್ಪ ನಿಲ್ಲಿ, ಕಚೇರಿಗೆ ಫೋನ್ ಮಾಡಿ ಕೇಳುತ್ತೇನೆ” ಎಂದೊಡನೆ, ಪಕ್ಕದ ಮನೆ ಮುಗಿಸಿ ಬರುತ್ತೇವೆಂದು ಹೊರಟವರು ಮರಳಲೇ ಇಲ್ಲ. ಒಬ್ಬ ಮಾತಿಗೆಳೆಯುವಾಗ ಇನ್ನೊಬ್ಬ ಒಳಗೆ ಕೈಯಾಡಿಸುವುದು ಇಂಥವರ ಹಳೆಯ ವರಸೆಯಾದ್ದರಿಂದ ಪೊಲೀಸರಿಗೂ ತಿಳಿಸಿದ್ದೇವೆ. ಫೋನ್ ಕಾಟ ಮಾತ್ರ ಪೂರ್ತಿ ನಿಂತಿಲ್ಲ. ಒಂದು ನಂಬರ್ ಬ್ಲಾಕ್ ಮಾಡಿದರೆ ಮತ್ತೊಂದರಿಂದ ಕರೆ ಬರುತ್ತಿರುವುದರಿಂದ, ಸದ್ಯಕ್ಕೆ ಪರಿಚಿತರ ಕರೆಗಳಷ್ಟೇ ರಿಂಗ್ ಆಗುವಂತೆ ಸೆಟ್ಟಿಂಗ್ ಬದಲಿಸಿದ್ದೇನೆ.